ಅಜ್ಜಿಯ ಮೂಗು ಮತ್ತು ಊಜಿ ನೊಣ

ಇದು ಊಟ ಮಾಡುತ್ತಾ ಓದುವ ಬರಹ ಅಲ್ಲ. ಆಫೀಸ್ ಕ್ಯಾಂಟೀನಿನಲ್ಲಿ ತಟ್ಟೆ ಮುಂದೆ ಇಟ್ಟುಕೊಂಡು ಕೂತಿದ್ದರೆ, ಫೋನ್ ಪಕ್ಕಕ್ಕಿಟ್ಟು ಊಟ ಮುಗಿಸಿ ಬನ್ನಿ. ಆದರೆ ಮರೆಯದೇ ಬನ್ನಿ. ಇಂಥ ವಿಷಯವನ್ನು ‘ಛೀ’ ಅಂತ ಪಕ್ಕಕ್ಕೆ ತಳ್ಳಿದ್ದರಿಂದಲೇ ನಮ್ಮ ಮನೆಯಲ್ಲಿ ಆಗಬಾರದ್ದು ಆಯಿತು.

ಕಳೆದ ವರ್ಷ ದಸರೆ ಮುಗಿದ ಮೇಲಿನ ಒಂದು ಗುರುವಾರ. ಕೆಂಗೇರಿಯ ಬಾಡಿಗೆ ಮನೆಯಲ್ಲಿ ಕೂತು ಬೆಳಗಿನ ಟೀಮ್ ಕಾಲ್‌ನಲ್ಲಿದ್ದೆ. ಅಮ್ಮನ ಫೋನ್ ಬಂತು, ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಮೂರನೇ ಸಲ ಬಂದಾಗ ಮ್ಯೂಟ್ ಹಾಕಿ ಎತ್ತಿದೆ.

‘ಅಜ್ಜಿ ಮೂಗಲ್ಲಿ ರಕ್ತ ಬತ್ತಾ ಅದೆ ಕಣೋ. ಕೆನ್ನೆ ಊದ್ಕೊಂಡದೆ. ನಿನ್ನೆಯಿಂದ ಊಟ ಬಿಟ್ಟವ್ರೆ.’

‘ಡಾಕ್ಟ್ರಿಗೆ ತೋರ್ಸಿದ್ರಾ?’

‘ತೋರ್ಸಿದ್ವಿ. ನೆಗಡಿ ಅಂತ ಮಾತ್ರೆ ಕೊಟ್ರು.’ ಸ್ವಲ್ಪ ಹೊತ್ತು ಸುಮ್ಮನಾದಳು. ‘ಇನ್ನೊಂದು ವಿಷ್ಯ ಅದೆ. ಫೋನಲ್ಲಿ ಹೇಳಕ್ಕಾಗಲ್ಲ. ನೀನೇ ಬಾ.’

ಫೋನಲ್ಲಿ ಹೇಳಲಾಗದ ವಿಷಯ ಅಂದರೆ ನಮ್ಮ ಕಡೆ ಎರಡೇ. ಒಂದು ಸಾವು, ಇನ್ನೊಂದು ಜಮೀನಿನ ಜಗಳ. ದಾರಿಯುದ್ದಕ್ಕೂ ಈ ಎರಡನ್ನೇ ಯೋಚಿಸುತ್ತಾ ಬೈಕ್ ಓಡಿಸಿದೆ.

ನಮ್ಮೂರು ರಾಮನಗರ ತಾಲ್ಲೂಕಿನ ಕೂಟಗಲ್. ಸುತ್ತಮುತ್ತಲ ಎಷ್ಟೋ ಊರುಗಳ ಹಾಗೆ ನಮ್ಮದೂ ರೇಷ್ಮೆ ನಂಬಿದ ಮನೆ. ಹೊಲದಲ್ಲಿ ಹಿಪ್ಪುನೇರಳೆ, ಮನೆ ಪಕ್ಕದಲ್ಲಿ ಹುಳು ಮನೆ. ನನ್ನ ಇಂಜಿನಿಯರಿಂಗ್ ಫೀಸು ಅಂದರೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅಪ್ಪ ಗೂಡು ಮಾರಿ ತಂದ ದುಡ್ಡು. ಆ ವಾರ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಸಾಕಿದವರಿಗೆ ಗೊತ್ತು, ಇಡೀ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಅವು ತಿನ್ನುವುದು ಈ ಕಡೆಯ ವಾರದಲ್ಲೇ. ಸೊಪ್ಪು ಕೊಯ್ಯುವುದು, ಹಾಕುವುದು, ಮತ್ತೆ ಕೊಯ್ಯುವುದು. ಆ ವಾರ ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಜ್ಜಿಯ ಮುಖವನ್ನೂ ಯಾರೂ ನೋಡಿರಲಿಲ್ಲ.

ನಾನು ಹೋದಾಗ ಅಜ್ಜಿ ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸೆರಗನ್ನು ಮೂಗಿಗೆ ಒತ್ತಿ ಹಿಡಿದಿದ್ದಳು. ಹತ್ತಿರ ಹೋಗುತ್ತಿದ್ದ ಹಾಗೇ ವಾಸನೆ ಬಡಿಯಿತು. ಆ ವಾಸನೆ ನನಗೆ ಹೊಸದಾಗಿರಲಿಲ್ಲ, ಅವತ್ತು ಹತ್ತು ಪಟ್ಟು ಜಾಸ್ತಿ ಇತ್ತು ಅಷ್ಟೆ.

ಅಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು. ‘ಬೆಳಗ್ಗೆ ಸೀನಿದ್ರು. ಸೆರಗಲ್ಲಿ ಹುಳ ಬಿತ್ತು. ಬಿಳೀದು. ಹರೀತಾ ಇತ್ತು.’

ಆಮೇಲೆ ಗೊತ್ತಾಯಿತು, ಅದು ಮೊದಲನೆಯದಲ್ಲ. ಅಜ್ಜಿ ಮೂರು ದಿನದಿಂದ ಮೂಗಲ್ಲಿ ಏನೋ ಹರಿದಾಡುವುದನ್ನು ಸಹಿಸಿಕೊಂಡಿದ್ದಳು. ಬಿದ್ದ ಹುಳಗಳನ್ನು ಯಾರಿಗೂ ಕಾಣದಂತೆ ಬೂದಿಗೆ ಹಾಕಿದ್ದಳು. ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಉತ್ತರ ಕೊಡಲಿಲ್ಲ. ಕಾರಿನಲ್ಲಿ ಬೆಂಗಳೂರಿಗೆ ಬರುವಾಗ, ಬಿಡದಿ ದಾಟಿದ ಮೇಲೆ, ತಾನಾಗಿಯೇ ಅಂದಳು, ‘ಯಾರ್‍ಯಾರಿಗೋ ಅಂದಿದ್ದೆ ಕಣ್ ಮಗ. ನಂಗೇ ತಿರುಗ್ಕೊಂತು.’

ನಮ್ಮ ಕಡೆಯ ಜಗಳ ಕೇಳಿದವರಿಗೆ ಆ ಮಾತು ಗೊತ್ತಿರುತ್ತದೆ. ‘ನಿನ್ ಬಾಯ್ಗೆ ಹುಳ ಬೀಳ.’ ಬದು ಒತ್ತಿದವರಿಗೆ, ನಲ್ಲಿಯಲ್ಲಿ ಬಿಂದಿಗೆ ಸರಿಸಿದವರಿಗೆ, ಕೋಳಿ ಕದ್ದವರಿಗೆ ಅಜ್ಜಿ ಈ ಶಾಪವನ್ನು ಧಾರಾಳವಾಗಿ ಹಂಚಿದ್ದಳು. ಎಪ್ಪತ್ತಾರರ ವಯಸ್ಸಿನಲ್ಲಿ, ರಕ್ತ ಸುರಿಯುವ ಮೂಗು ಹಿಡಿದುಕೊಂಡು, ಆ ಲೆಕ್ಕವೆಲ್ಲ ಈಗ ಚುಕ್ತಾ ಆಗುತ್ತಿದೆ ಅಂತ ನಂಬಿ ಕೂತಿದ್ದಳು.

ಊರು ಬಿಡುವ ಮುಂಚೆ ಇನ್ನೊಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಸುದ್ದಿ ತಿಳಿದು ಪಕ್ಕದ ಮನೆಯವರು ಬಂದಿದ್ದರು. ಒಬ್ಬರು, ‘ದನದ ಗಾಯಕ್ಕೆ ಹುಳ ಬಿದ್ರೆ ಸೀತಾಫಲದ ಸೊಪ್ಪು ಅರೆದು ತುಂಬಲ್ವಾ, ಹಂಗೇ ಮಾಡಿ’ ಅಂದರು. ಇನ್ನೊಬ್ಬರು ಸೀಮೆಎಣ್ಣೆ ಅಂದರು. ಓದಿದವನು ನಾನು ಫೋನ್ ತೆಗೆದು ಹುಡುಕಿದೆ. ಮೂಗಿನ ಹುಳಕ್ಕೆ ಟರ್ಪೆಂಟೈನ್ ಎಣ್ಣೆ ಬಳಸುತ್ತಾರೆ ಅಂತ ಇತ್ತು. ಹುಳು ಮನೆಯ ಬಾಗಿಲಿಗೆ ಬಣ್ಣ ಬಳಿದಾಗ ಉಳಿದ ಟರ್ಪೆಂಟೈನ್ ಬಾಟಲಿ ಅಟ್ಟದ ಮೇಲೇ ಇತ್ತು. ಏಣಿಯನ್ನೂ ಹಾಕಿದ್ದೆ. ಅಪ್ಪ ಗದರಿದ್ದಕ್ಕೆ ಇಳಿದೆ. ಅಜ್ಜಿಯನ್ನು ಅಮ್ಮನ ಜೊತೆ ಕಾರಿಗೆ ಹತ್ತಿಸಿ, ಅಪ್ಪ ಮಾತ್ರ ಹುಳ ನೋಡಿಕೊಳ್ಳಲು ಉಳಿದರು.

ಬೆಂಗಳೂರಿನ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಹೆಚ್ಚುಕಡಿಮೆ ನನ್ನ ವಯಸ್ಸಿನವರು. ನಾನು ಪಿಸುದನಿಯಲ್ಲಿ ವಿಷಯ ಹೇಳಿದೆ. ಅವರು ಮುಖ ಕಿವುಚಲಿಲ್ಲ, ಮೂಗೂ ಮುಚ್ಚಿಕೊಳ್ಳಲಿಲ್ಲ. ನೇರವಾಗಿ ಅಜ್ಜಿಯ ಮುಂದೆ ಸ್ಟೂಲ್ ಎಳೆದುಕೊಂಡು ಕೂತು, ‘ಎಷ್ಟು ದಿನದಿಂದ ಅಜ್ಜಿ?’ ಅಂದರು. ಅಜ್ಜಿ ತಲೆ ತಗ್ಗಿಸಿ, ‘ಮಾಡಿದ ಪಾಪ ಕಣವ್ವ’ ಅಂದಳು.

‘ಪಾಪದ ಲೆಕ್ಕ ಅಲ್ಲ ಅಜ್ಜಿ ಇದು. ನೊಣದ ಲೆಕ್ಕ. ಈ ಸೆರಗು ತೆಗೀರಿ, ನೋಡೋಣ.’

ಮೊದಲು ಮೂಗುಬೊಟ್ಟು ಬಿಚ್ಚಬೇಕಾಯಿತು. ಮದುವೆಯಲ್ಲಿ ತಾತ ಹಾಕಿಸಿದ್ದು, ಅಲ್ಲಿಂದ ಇಲ್ಲಿಯವರೆಗೆ ತೆಗೆದಿರಲಿಲ್ಲ. ಊದಿದ ಮೂಗಿನಿಂದ ಅದನ್ನು ಬಿಡಿಸುವಾಗ ಅಜ್ಜಿ ಅತ್ತಳು. ಕಾಗದದಲ್ಲಿ ಸುತ್ತಿ ನನ್ನ ಪರ್ಸಿನಲ್ಲಿ ಇಟ್ಟುಕೊಂಡೆ.

ಚಿಕಿತ್ಸೆ ಹೇಗಿರುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದರೆ ಹೆದರಿಕೆ ಅರ್ಧ ಕಮ್ಮಿ ಆಗುತ್ತದೆ.

ಈ ಹುಳಗಳು ಬೆಳಕಿಗೆ ಹೆದರುತ್ತವೆ. ಟಾರ್ಚ್ ಬಿಟ್ಟರೆ ಇನ್ನೂ ಒಳಕ್ಕೆ ಸರಿಯುತ್ತವೆ. ತಲೆ ಮಾಂಸದೊಳಗೆ ಹೂತಿರುತ್ತದೆ, ಉಸಿರಾಡುವ ರಂಧ್ರ ಇರುವುದು ಬಾಲದ ಕಡೆ. ಹಾಗಾಗಿ ಸುಮ್ಮನೆ ಚಿಮಟದಲ್ಲಿ ಎಳೆದರೆ ಬರುವುದಿಲ್ಲ, ತುಂಡಾಗಬಹುದು. ಅದಕ್ಕೇ ಟರ್ಪೆಂಟೈನ್. ಅಜ್ಜಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿಗೆ ಮರಗಟ್ಟುವ ಔಷಧಿ ಸಿಂಪಡಿಸಿ, ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯನ್ನು ಕೆಲವು ನಿಮಿಷ ಒಳಗಿಟ್ಟರು. ಉಸಿರು ಕಟ್ಟಿದ ಹುಳ ಹಿಡಿತ ಬಿಟ್ಟು ಹೊರಗೆ ಬರತೊಡಗಿದವು. ಒಂದೊಂದನ್ನೇ ಚಿಮಟದಲ್ಲಿ ಹಿಡಿದು ಟ್ರೇಗೆ ಹಾಕಿದರು. ಮೂಲೆಯಲ್ಲಿ ಅಡಗಿದವನ್ನು ಎಂಡೋಸ್ಕೋಪ್ ಬಿಟ್ಟು, ಪರದೆಯ ಮೇಲೆ ನೋಡುತ್ತಾ ತೆಗೆದರು. ಮೊದಲ ದಿನ 41. ಎರಡನೇ ದಿನ 17. ಮೂರನೇ ದಿನ 5. ಆಮೇಲೆ ಎರಡು ದಿನ ಹುಡುಕಿದರೂ ಒಂದೂ ಸಿಗದಿದ್ದಾಗಲೇ ಮುಗಿಯಿತು ಅಂದರು.

ನಾನು ಅಟ್ಟಕ್ಕೆ ಏಣಿ ಹಾಕಿದ ಕಥೆಯನ್ನು ಅವರಿಗೆ ಹೇಳಿದೆ. ಅವರು ನಗಲಿಲ್ಲ. ‘ಮಲಗಿಸಿ ಮೂಗಿಗೆ ಸುರಿದಿದ್ರೆ ಗಂಟಲಿಂದ ಶ್ವಾಸಕೋಶಕ್ಕೆ ಹೋಗ್ತಿತ್ತು. ಆಮೇಲೆ ಹುಳ ತೆಗೆಯೋಕೆ ಅಜ್ಜಿ ಇರ್ತಿರಲಿಲ್ಲ’ ಅಂದರು.

ಜೊತೆಗೆ ಐವರ್ಮೆಕ್ಟಿನ್ ಮಾತ್ರೆ ಕೊಟ್ಟರು. ಕೋವಿಡ್ ಸಮಯದಲ್ಲಿ ವಾಟ್ಸಾಪ್ ತುಂಬ ಓಡಾಡಿದ ಹೆಸರು. ಇದರ ನಿಜವಾದ ಕೆಲಸ ಇಂಥ ಪರಾವಲಂಬಿಗಳ ಮೇಲೆ. ಅವುಗಳ ನರ, ಸ್ನಾಯುಗಳನ್ನು ನಿಷ್ಕ್ರಿಯ ಮಾಡುತ್ತದೆ. ಎಷ್ಟು ಕೊಡಬೇಕು ಅನ್ನುವುದು ದೇಹದ ತೂಕದ ಮೇಲೆ ಡಾಕ್ಟರ್ ಹಾಕುವ ಲೆಕ್ಕ. ಸೋಂಕಿಗೆ ಆ್ಯಂಟಿಬಯೋಟಿಕ್ ಬೇರೆ. ಸಿಟಿ ಸ್ಕ್ಯಾನನ್ನೂ ಮಾಡಿಸಿದರು. ಮೂಗಿನ ಮೇಲ್ಗೋಡೆಯ ಆಚೆ ಮೆದುಳು ಇದೆ, ಪಕ್ಕದ ಗೋಡೆಯ ಆಚೆ ಕಣ್ಣು. ಕಣ್ಣಿನ ಕಡೆಯ ಗೋಡೆಯಂತೂ ಕಾಗದದಷ್ಟು ತೆಳು. ಹುಳ ಮಾಂಸ ತಿನ್ನುತ್ತಾ ಆ ಕಡೆ ನುಗ್ಗಿದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಬಾಯಿಯ ಅಂಗಳಕ್ಕೆ ತೂತು ಬೀಳುವುದೂ ಇದೆಯಂತೆ. ನಮ್ಮ ಅದೃಷ್ಟ, ಅಜ್ಜಿಗೆ ಮೂಗಿನ ನಡುಗೋಡೆಯಲ್ಲಿ ಒಂದು ಸಣ್ಣ ತೂತಿನಲ್ಲಿ ಮುಗಿದಿತ್ತು. ರಕ್ತ ಪರೀಕ್ಷೆಯಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ಸಕ್ಕರೆ 312. ಅಜ್ಜಿಗೆ ಶುಗರ್ ಇದೆ ಅಂತ ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಎರಡನೇ ದಿನ ಅಜ್ಜಿ ಒಂದು ವಿಚಿತ್ರ ಬೇಡಿಕೆ ಇಟ್ಟಳು. ‘ಎಲ್ಲಿ, ಆ ತಟ್ಟೆ ಇತ್ತ ತೋರ್ಸವ್ವ.’

ನರ್ಸ್ ಹಿಂದೆ ಮುಂದೆ ನೋಡಿದರು. ಡಾಕ್ಟರ್ ಟ್ರೇ ಹಿಡಿದರು. ಬೆಳ್ಳಗೆ, ದಪ್ಪಗೆ, ಒಂದು ತುದಿ ಚೂಪು, ಮೈ ಸುತ್ತ ಉಂಗುರ ಉಂಗುರ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಐವತ್ತು ವರ್ಷ ಹುಳದ ತಟ್ಟೆ ನೋಡಿದ ಕಣ್ಣಿನಲ್ಲೇ ನೋಡಿದಳು.

‘ಇದು ಊಜಿ ಜಾತಿಯದಲ್ವಾ?’

‘ಊಜಿ ಅಂದ್ರೆ ಏನಜ್ಜಿ?’

ಅಲ್ಲಿಂದ ಅಜ್ಜಿಯೇ ಡಾಕ್ಟರ್. ಊಜಿ ನೊಣ ರೇಷ್ಮೆ ಹುಳದ ಮೈಮೇಲೆ ಕೂತು ಮೊಟ್ಟೆ ಇಡುತ್ತದೆ. ಮರಿ ಒಡೆದು ಒಳಗೆ ಕೊರೆಯುತ್ತದೆ, ಹೊಕ್ಕ ಜಾಗದಲ್ಲಿ ಕಪ್ಪು ಮಚ್ಚೆ ಉಳಿಯುತ್ತದೆ. ಒಳಗೊಳಗೇ ತಿಂದು ದಪ್ಪಗಾಗಿ ಹೊರಗೆ ಬಂದು, ಮಣ್ಣಲ್ಲೋ ಗೋಡೆಯ ಬಿರುಕಲ್ಲೋ ಸೇರಿಕೊಂಡು ಕೋಶ ಆಗುತ್ತದೆ. ಹುಳ ಗೂಡು ಕಟ್ಟಿದ ಮೇಲೆ ಹೊರಬಂದರೆ ಗೂಡಿಗೇ ತೂತು. ಆ ಗೂಡಿನಲ್ಲಿ ನೂಲು ಬಿಚ್ಚಲಾಗದು. ‘ಮೊದ್ಲು ನಮ್ಮ ಕಡೆ ಇರ್‍ಲೇ ಇಲ್ಲ ಕಣವ್ವ. ಎಂಬತ್ತನೇ ಇಸ್ವೀಲಿ ಬಂತು ನೋಡು, ಬೆಳೆಬೆಳೆನೇ ಹೋಯ್ತು’ ಅಂದಳು.

ಅಜ್ಜಿಯ ಲೆಕ್ಕ ಸರಿಯಾಗಿತ್ತು. ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಪಶ್ಚಿಮ ಬಂಗಾಳದಿಂದ ತಂದ ಗೂಡುಗಳ ಜೊತೆ. ಅದಾದ ಮೇಲೇ ನಮ್ಮ ಕಡೆಯ ಹುಳು ಮನೆಗಳ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಬಂದದ್ದು. ಊಜಿಯ ಕೋಶದೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಒಂದು ಸಣ್ಣ ಕಣಜವನ್ನು ರೈತರಿಗೆ ಪೌಚಿನಲ್ಲಿ ಕೊಡುವುದೂ ಆಮೇಲೆ ಶುರುವಾಯಿತು.

ಡಾಕ್ಟರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು, ‘ಇದರದ್ದೂ ಸುಮಾರಾಗಿ ಅದೇ ಕಥೆ ಅಜ್ಜಿ. ನೊಣ ಬೇರೆ. ಹಸಿರು ನೀಲಿ ಮಿರಮಿರ ಮಿಂಚುತ್ತಲ್ಲ, ಆ ಜಾತಿ. ಗಾಯ, ಕೀವು, ವಾಸನೆ ಇದ್ದ ಕಡೆ ಹಗಲು ಹೊತ್ತಲ್ಲಿ ಬಂದು ಕೂತ್ಕೊಳುತ್ತೆ. ಒಂದೇ ಸಲಕ್ಕೆ ನೂರಕ್ಕಿಂತ ಹೆಚ್ಚು ಮೊಟ್ಟೆ. ಒಂದು ದಿನದೊಳಗೆ ಮರಿ. ಐದಾರು ದಿನ ತಿಂದು, ಮಣ್ಣಿಗೆ ಬಿದ್ದು ಕೋಶ ಆಗುತ್ತೆ.’

ಅಜ್ಜಿ ಸ್ವಲ್ಪ ಹೊತ್ತು ಟ್ರೇ ನೋಡುತ್ತಲೇ ಇದ್ದಳು. ‘ಹಂಗಾದ್ರೆ ನಾನು ಮಲಗಿದ್ದಾಗ ನೊಣ ಕೂತ್ಕಂಡು ಮೊಟ್ಟೆ ಇಕ್ಕದೆ. ಅಷ್ಟೇಯಾ?’

‘ಅಷ್ಟೇ ಅಜ್ಜಿ.’

‘ಊಜಿ ಬಿದ್ದ ಹುಳ ಏನ್ ಪಾಪ ಮಾಡಿತ್ತು?’ ಅಂದಳು ಅಜ್ಜಿ. ಆ ಮಾತನ್ನು ಡಾಕ್ಟರಿಗೂ ಅಂದಿದ್ದಲ್ಲ, ನಮಗೂ ಅಂದಿದ್ದಲ್ಲ. ಆಮೇಲೆ ಅವಳು ಸೆರಗು ಮುಖಕ್ಕೆ ಹಿಡಿದಿದ್ದನ್ನು ನಾನು ನೋಡಲಿಲ್ಲ. ಸಂಜೆ ಅಪ್ಪನಿಗೆ ತಾನೇ ಫೋನ್ ಮಾಡಿಸಿ, ‘ಹುಳ ಹಣ್ಣಾದ್ವಾ? ಚಂದ್ರಂಕಿ ಬಿಸ್ಲಿಗೆ ಹಾಕಿದ್ಯಾ?’ ಅಂತ ವಿಚಾರಿಸಿದಳು. ವಾರ್ಡಿನ ಪಕ್ಕದ ಹಾಸಿಗೆಯವರು ಏನಾಗಿದೆ ಅಂತ ಕೇಳಿದರೆ, ‘ಮೂಗಲ್ಲಿ ನೊಣ ಮೊಟ್ಟೆ ಇಟ್ಟಿತ್ತು. ಐವತ್ತೆಂಟು ತೆಗೆದವ್ರೆ, ಇನ್ನೂ ಅವೆಯಂತೆ’ ಅಂತ ಮಾರುಕಟ್ಟೆಯ ರೇಟು ಹೇಳುವ ಹಾಗೆ ಹೇಳತೊಡಗಿದಳು.

ರಾತ್ರಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಓದಿದೆ. ನಾನು ಇಡೀ ದಿನ ಕೋಡ್‌ನಲ್ಲಿ ಹುಳ ಹುಡುಕುವವನು, ನಿಜವಾದ ಹುಳದ ಬಗ್ಗೆ ಏನೂ ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ ಮನುಷ್ಯರ ಮೂಗಿಗೆ ಹುಳ ಬೀಳಿಸುವ ಮುಖ್ಯ ನೊಣದ ಹೆಸರು ಕ್ರೈಸೋಮಿಯಾ ಬೆಜ್ಜಿಯಾನಾ. ಮಾಮೂಲಿ ನೊಣದ ಮರಿ ಕೊಳೆತಿದ್ದನ್ನು ತಿಂದರೆ, ಇದರ ಮರಿ ಜೀವಂತ ಮಾಂಸಕ್ಕೇ ಸ್ಕ್ರೂ ತಿರುಗಿಸಿದ ಹಾಗೆ ಇಳಿಯುತ್ತದೆ. ಅದಕ್ಕೇ ಸ್ಕ್ರೂವರ್ಮ್ ಅನ್ನುವ ಹೆಸರು. ಕುರಿಗಳ ಮೂಗಿಗೆ ಬೀಳುವ ನೊಣ ಇನ್ನೊಂದು. ಅದು ಮೊಟ್ಟೆ ಇಡುವುದಿಲ್ಲ, ಹಾರುತ್ತಲೇ ಜೀವಂತ ಮರಿಗಳನ್ನು ಮೂಗಿನ ಹೊಳ್ಳೆಗೆ ಚಿಮುಕಿಸಿ ಹೋಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕುರಿಗಳು ತಲೆ ತಗ್ಗಿಸಿ ಒಂದರ ಹೊಟ್ಟೆಯಡಿ ಒಂದು ಮೂತಿ ತೂರಿಸಿ ನಿಲ್ಲುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಸೆಕೆಗೆ ಹಾಗೆ ನಿಲ್ಲುತ್ತವೆ ಅಂದುಕೊಂಡಿದ್ದೆ. ಈ ನೊಣಕ್ಕೆ ಹೆದರಿಯೂ ಅವು ಹಾಗೆ ಮೂಗು ಬಚ್ಚಿಡುತ್ತವಂತೆ.

ಅಮೆರಿಕದಲ್ಲಿ ಇದರ ದಾಯಾದಿ ನೊಣವೊಂದು ದನಗಳನ್ನು ಸಾಲು ಸಾಲಾಗಿ ಕೊಲ್ಲುತ್ತಿತ್ತು. ನಿಪ್ಲಿಂಗ್ ಮತ್ತು ಬುಷ್‌ಲ್ಯಾಂಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಆ ಹೆಣ್ಣು ನೊಣ ಸಾಮಾನ್ಯವಾಗಿ ಜೀವನದಲ್ಲಿ ಒಂದೇ ಸಲ ಗಂಡಿನ ಜೊತೆ ಕೂಡುತ್ತದೆ. ಹಾಗಾದರೆ ವಿಕಿರಣ ಹಾಯಿಸಿ ಸಂತಾನಶಕ್ತಿ ಕಳೆದ ಗಂಡು ನೊಣಗಳನ್ನೇ ರಾಶಿ ರಾಶಿ ಬಿಟ್ಟರೆ? 1954ರಲ್ಲಿ ಕ್ಯುರಸಾವ್ ದ್ವೀಪದಲ್ಲಿ ಮಾಡಿ ನೋಡಿದರು, ಅಲ್ಲಿ ನೊಣವೇ ಇಲ್ಲವಾಯಿತು. 1982ರ ಹೊತ್ತಿಗೆ ಅಮೆರಿಕದಿಂದಲೂ ಅದನ್ನು ಓಡಿಸಿದರು. ಈಚಿನ ವರ್ಷಗಳಲ್ಲಿ ಅದು ಮಧ್ಯ ಅಮೆರಿಕದಿಂದ ಮೆಕ್ಸಿಕೋವರೆಗೆ ಮತ್ತೆ ಬಂದಿದೆ. ಅಜ್ಜಿ ನುಂಗಿದ ಮಾತ್ರೆಯ ಮೂಲ ಜಪಾನಿನ ಮಣ್ಣಿನ ಒಂದು ಬ್ಯಾಕ್ಟೀರಿಯಾ. ಅದನ್ನು ಹುಡುಕಿದ ಸತೋಶಿ ಒಮುರಾ, ಅದರಿಂದ ಔಷಧಿಗೆ ದಾರಿ ಮಾಡಿದ ವಿಲಿಯಂ ಕ್ಯಾಂಪ್‌ಬೆಲ್ ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ಒಂದು ನೊಣದ ಬೆನ್ನು ಹತ್ತಿ ಜಗತ್ತು ಇಷ್ಟೆಲ್ಲ ಮಾಡಿದೆ. ನಾವು ಮಾತ್ರ ಅದನ್ನು ಬೂದಿಯಲ್ಲಿ ಮುಚ್ಚುತ್ತಿದ್ದೆವು.

ನಾಲ್ಕನೇ ದಿನ, ಮೂಗು ಸ್ವಚ್ಛವಾದ ಮೇಲೆ, ಡಾಕ್ಟರ್ ನನ್ನನ್ನೂ ಅಮ್ಮನನ್ನೂ ಕರೆದು ಕೂರಿಸಿದರು. ಹುಳ ಬಿದ್ದದ್ದು ಕೊನೆಯ ಅಧ್ಯಾಯ, ಕಾಯಿಲೆ ಶುರುವಾಗಿ ವರ್ಷಗಳೇ ಆಗಿವೆ ಅಂದರು. ಅದರ ಹೆಸರು ಅಟ್ರೋಫಿಕ್ ರೈನೈಟಿಸ್. ಮೂಗಿನ ಒಳಪದರ ಸೊರಗಿ ಒಣಗುತ್ತದೆ, ಒಳಗೆ ಜಾಗ ಅಗಲವಾಗುತ್ತದೆ, ಹಸಿರು ಹಕ್ಕಳೆ ಕಟ್ಟುತ್ತದೆ, ಬ್ಯಾಕ್ಟೀರಿಯಾ ಮನೆ ಮಾಡಿ ಕೆಟ್ಟ ವಾಸನೆ ಬರುತ್ತದೆ. ವಾಸನೆ ಹಿಡಿಯುವ ನರದ ತುದಿಗಳೂ ಸೊರಗುವುದರಿಂದ ರೋಗಿಗೆ ಮಾತ್ರ ಅದು ಗೊತ್ತಾಗುವುದಿಲ್ಲ. ವೈದ್ಯರ ಪುಸ್ತಕದಲ್ಲಿ ಇದನ್ನು ‘ಕರುಣೆಯ ಕುರುಡು’ ಅನ್ನುವಂಥ ಅರ್ಥದ ಹೆಸರಿನಲ್ಲಿ ಕರೆಯುತ್ತಾರಂತೆ. ತನ್ನ ವಾಸನೆ ತನಗೇ ತಿಳಿಯದಿರುವುದು ರೋಗಿಯ ಮೇಲಿನ ಕರುಣೆ. ಆದರೆ ಆ ವಾಸನೆಗೇ ನೊಣ ಬರುತ್ತದೆ. ಸಕ್ಕರೆ ಕಾಯಿಲೆ ಬೇರೆ ಇದ್ದರೆ ಗಾಯವೂ ಮಾಗುವುದಿಲ್ಲ.

‘ಅಜ್ಜಿಗೆ ಗೊತ್ತಾಗಿರಲ್ಲ. ಮನೇಲಿ ಯಾರಿಗೂ ವಾಸನೆ ಗೊತ್ತಾಗಲಿಲ್ವಾ?’

ಅಮ್ಮ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಗೊತ್ತಾಗುತ್ತಿತ್ತು. ಎರಡು ವರ್ಷದಿಂದ ಗೊತ್ತಾಗುತ್ತಿತ್ತು. ಮೊದಮೊದಲು ಹಲ್ಲು ಹುಳುಕಾಗಿರಬೇಕು ಅಂದುಕೊಂಡೆವು. ಆಮೇಲೆ ವಯಸ್ಸಾದ ಮೈ ಅಂದುಕೊಂಡೆವು. ಅಮ್ಮ ಹಾಸಿಗೆ ಒಗೆದಳು, ನಾನು ಆನ್‌ಲೈನಿನಲ್ಲಿ ರೂಮ್ ಫ್ರೆಶ್ನರ್ ತರಿಸಿಕೊಟ್ಟೆ. ‘ಏನ್ ವಾಸ್ನೆನೋ ಕಾಣೆ, ನಂಗೇನೂ ಬರಲ್ಲಪ್ಪ’ ಅಂತ ಅಜ್ಜಿ ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ್ದಳು. ಆ ವರ್ಷ ಸಂಕ್ರಾಂತಿಗೆ, ದನ ಕಿಚ್ಚು ಹಾಯಿಸುವುದನ್ನು ನೋಡಲಿಕ್ಕೆ ಆಫೀಸಿನ ಗೆಳೆಯರು ಊರಿಗೆ ಬರುವವರಿದ್ದರು. ಹಿಂದಿನ ದಿನ ನಾನೇ ಅಜ್ಜಿಯ ಮಂಚ ಎತ್ತಿ ನಡುಮನೆಯಿಂದ ಜಗಲಿಗೆ ಹಾಕಿದೆ. ‘ಒಳಗೆ ಗಾಳಿ ಆಡಲ್ಲ ಅಜ್ಜಿ, ಇಲ್ಲಿ ಆರಾಮಾಗಿರುತ್ತೆ’ ಅಂದೆ. ಗೆಳೆಯರು ಬಂದರು, ಹೋದರು, ಕಬ್ಬು ಹಿಡಿದುಕೊಂಡ ಫೋಟೋ ಹಾಕಿದರು. ಮಂಚ ಮಾತ್ರ ಮತ್ತೆ ಒಳಗೆ ಬರಲಿಲ್ಲ.

ನೊಣ ಹಗಲು ಹೊತ್ತಿನಲ್ಲಿ ಬರುತ್ತದೆ ಅಂತ ಡಾಕ್ಟರ್ ಹೇಳಿದ್ದರಲ್ಲ. ಅಜ್ಜಿ ಹಗಲು ಮಲಗುತ್ತಿದ್ದದ್ದು ಆ ಜಗಲಿಯ ಮೇಲೆ. ಅಲ್ಲಿಂದ ಹತ್ತು ಹೆಜ್ಜೆಗೆ ಹುಳು ಮನೆ. ಅದರ ಪ್ರತಿ ಕಿಟಕಿಗೂ ಪರದೆ, ಬಾಗಿಲಿಗೆ ಎರಡು ಪರದೆ. ಒಂದು ನೊಣ ಒಳಗೆ ನುಗ್ಗಿದರೂ ಅಪ್ಪ ಕೆಲಸ ಬಿಟ್ಟು ಬೆನ್ನಟ್ಟುತ್ತಾರೆ. ಹುಳಕ್ಕೆ ಕಟ್ಟಿದ ಪರದೆಯನ್ನು ಅಜ್ಜಿಗೆ ಕಟ್ಟಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

‘ಗೊತ್ತಾಗ್ತಿತ್ತು’ ಅಂದೆ. ಡಾಕ್ಟರ್ ಮುಂದೆ ಏನೂ ಕೇಳಲಿಲ್ಲ. ಮನೆಯಲ್ಲಿ ಮಾಡಬೇಕಾದ್ದನ್ನು ಬರೆದುಕೊಟ್ಟರು.

ಅದು ಇಷ್ಟೇ. ಅಡುಗೆ ಸೋಡಾ, ಬಿಳಿಗಾರ, ಉಪ್ಪು ಬೆರೆಸಿದ ಪುಡಿ. ಕುದಿಸಿ ಉಗುರುಬೆಚ್ಚಗೆ ಆರಿಸಿದ ನೀರಿನಲ್ಲಿ ಅದನ್ನು ಕರಗಿಸಿ ದಿನವೂ ಮೂಗು ತೊಳೆಯಬೇಕು. ತೊಳೆದ ಮೇಲೆ ಗ್ಲಿಸರಿನ್‌ನಲ್ಲಿ ಗ್ಲೂಕೋಸ್ ಬೆರೆಸಿದ ಹನಿ ಬಿಡಬೇಕು, ಅದು ಮೂಗನ್ನು ಒಣಗಲು ಬಿಡುವುದಿಲ್ಲ, ಬ್ಯಾಕ್ಟೀರಿಯಾವನ್ನೂ ಬೆಳೆಯಲು ಬಿಡುವುದಿಲ್ಲ. ಸಕ್ಕರೆಗೆ ಮಾತ್ರೆ. ತಿಂಗಳಿಗೊಮ್ಮೆ ಬಂದು ತೋರಿಸುವುದು. ಕಾಯಿಲೆ ಪೂರ್ತಿ ಹೋಗದಿರಬಹುದು, ಹತೋಟಿಯಲ್ಲಿ ಇರುತ್ತದೆ. ಮೂಗು ತೊಳೆಯುವಾಗ ಬಗ್ಗ�ಿ ಬಾಯಿ ತೆರೆದು ‘ಕ, ಕ, ಕ’ ಅನ್ನುತ್ತಿರಬೇಕು. ಆಗ ಕಿರುನಾಲಿಗೆಯ ಭಾಗ ಮೇಲೆದ್ದು ಮೂಗಿನ ಹಿಂದಿನ ದಾರಿ ಮುಚ್ಚುತ್ತದೆ, ನೀರು ಗಂಟಲಿಗೆ ಇಳಿಯುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಈಗ ದಿನವೂ ಹಿತ್ತಲಲ್ಲಿ ಕ ಅಕ್ಷರ ಕಲಿಯುತ್ತಾಳೆ ಅಂತ ಅಮ್ಮ ನಗುತ್ತಾಳೆ.

ಇದನ್ನು ಓದುತ್ತಿರುವ ನನ್ನಂಥವರಿಗೆ ಹೇಳಬೇಕಾದ್ದು ಸ್ವಲ್ಪವೇ ಇದೆ. ಊರಲ್ಲಿರುವ ಅಜ್ಜಿ, ತಾತ, ಹಾಸಿಗೆ ಹಿಡಿದ ದೊಡ್ಡಪ್ಪ ಯಾರೇ ಇರಲಿ, ಅವರ ಹತ್ತಿರ ಹೋದಾಗ ಕೆಟ್ಟ ವಾಸನೆ ಬಂದರೆ ಅದು ವಯಸ್ಸಿನ ವಾಸನೆ ಅಲ್ಲ, ಕಾಯಿಲೆಯದ್ದಿರಬಹುದು. ಮೂಗಿನಲ್ಲಿ ಹಕ್ಕಳೆ, ರಕ್ತ, ವಾಸನೆ ತಿಳಿಯದಿರುವುದು ಇದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ, ಸಕ್ಕರೆಯನ್ನೂ ಪರೀಕ್ಷಿಸಿ. ಮೂಗಲ್ಲಿ ಏನೋ ಹರಿದಾಡಿದ ಹಾಗೆ ಆಗುತ್ತದೆ, ಮುಖ ಊದಿದೆ ಅಂದರೆ ಅದೇ ದಿನ ಹೊರಡಿ. ಮನೆಯಲ್ಲಿ ಟರ್ಪೆಂಟೈನ್, ಸೀಮೆಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಮೂಗಿಗೆ ಹಾಕಬೇಡಿ. ಹಗಲು ಮಲಗುವ ವಯಸ್ಸಾದವರಿಗೆ ಹಗಲಲ್ಲೂ ಪರದೆ ಕಟ್ಟಿ. ಮತ್ತೆ, ವಾಸನೆ ಬರುತ್ತಿದೆ ಅಂತ ಅವರಿಗೇ ಹೇಳಿ. ಮೆತ್ತಗೆ ಹೇಳಿ, ಆದರೆ ಹೇಳಿ.

ಈ ಕಡೆಯ ಮಾತನ್ನು ಡಾಕ್ಟರ್ ಹೇಳಿದ್ದಲ್ಲ.

ಆಸ್ಪತ್ರೆಯಿಂದ ಬಂದ ಮೇಲಿನ ಭಾನುವಾರ, ಗೂಡು ಬಿಡಿಸುವ ಕೆಲಸ ಮುಗಿದಿತ್ತು. ಹುಳು ಮನೆಗೆ ತಂದು ಉಳಿದ ನೈಲಾನ್ ಪರದೆಯನ್ನು ಅಳತೆ ಮಾಡಿ ಅಜ್ಜಿಯ ಮಂಚಕ್ಕೆ ಕಟ್ಟುತ್ತಿದ್ದೆ. ಮಂಚ ಈಗ ನಡುಮನೆಯಲ್ಲಿ, ಅದರ ಹಳೆಯ ಜಾಗದಲ್ಲೇ ಇತ್ತು. ಅಜ್ಜಿ ಪಕ್ಕದಲ್ಲಿ ಕೂತು ಗಂಟು ಹೇಗೆ ಹಾಕಬೇಕು ಅಂತ ಹೇಳಿಕೊಡುತ್ತಿದ್ದಳು. ಮೂಗುಬೊಟ್ಟು ಮತ್ತೆ ಮೂಗಿಗೆ ಬಂದಿತ್ತು. ನಾನು ಬೆನ್ನು ತಿರುಗಿಸಿಯೇ, ಸಂಕ್ರಾಂತಿಯ ದಿನ ಮಂಚ ಹೊರಗೆ ಹಾಕಿದ್ದು ಗಾಳಿಗಲ್ಲ ಅಂತ ಹೇಳಿದೆ.

‘ಗೊತ್ತು ಬುಡು’ ಅಂದಳು. ‘ಸಂಕ್ರಾಂತಿ ಚಳೀಲಿ ಗಾಳಿ ಬೇಕು ಅಂತ ಯಾರಾದ್ರೂ ಮಂಚ ಆಚೆ ಹಾಕ್ತಾರಾ? ನನ್ನಲ್ಲೇ ಏನೋ ಅದೆ ಅಂತ ಅವತ್ತೇ ಗೊತ್ತಾಯ್ತು. ಏನು ಅಂತ ಗೊತ್ತಾಗ್ಲಿಲ್ಲ. ನೀನಾದ್ರೂ ಹೇಳ್ಬೌದಿತ್ತು.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಟು ಬಿಚ್ಚಿ ಮತ್ತೆ ಹಾಕಿದೆ.

‘ಆ ನೀರು ಆರ್‍ತಾ ನೋಡ್ ಹೋಗು. ಜಾಸ್ತಿ ತಣ್ಣಗಾದ್ರೆ ಆಗಲ್ಲಂತೆ’ ಅಂದಳು ಅಜ್ಜಿ. ತಂದುಕೊಟ್ಟೆ. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಬಗ್ಗಿ ನಿಂತು, ಇಡೀ ಬೀದಿಗೆ ಕೇಳಿಸುವ ಹಾಗೆ ‘ಕ, ಕ, ಕ’ ಅಂತ ಶುರು ಮಾಡಿದಳು.